ಅಜ್ಜನ ಆಣೆ ಲೆಕ್ಕ, ನನ್ನ 0.1

ಮೊನ್ನೆ ರಜೆಗೆ ಅಂತ ಅಳವಂಡಿಗೆ ಹೋಗಿದ್ದೆ. ಅಲ್ಲೂ ಆಫೀಸಿನ ಕೆಲಸ ಬೆನ್ನು ಬಿಡಲಿಲ್ಲ... ನಾನೇ ಬರೆದಿದ್ದ ಬಿಲ್ಲಿನ ಪ್ರೋಗ್ರಾಮು 10 ಪೈಸೆಯನ್ನು ಹತ್ತು ಸಲ ಕೂಡಿದರೆ ಒಂದು ರೂಪಾಯಿ ತೋರಿಸದೆ 0.9999999999999999 ತೋರಿಸುತ್ತಿತ್ತು! ಭಿನ್ನರಾಶಿಯಲ್ಲಾದರೂ ಸರಿಹೋಗಲಿ ಅಂತ 0.1ನ್ನು ಪೈಥಾನ್‌ನ ಫ್ರ್ಯಾಕ್ಷನ್‌ಗೆ ಕೊಟ್ಟೆ. 1/10 ಬರುತ್ತೆ ಅಂದುಕೊಂಡರೆ ಬಂದದ್ದು 3602879701896397/36028797018963968.

ಪಕ್ಕದಲ್ಲಿ ಕೂತಿದ್ದ ಅಜ್ಜ, "ಏನಪಾ ಇದು, ಇಷ್ಟುದ್ದ ಲೆಕ್ಕ? ನಮ್ಮ ಕಾಲದಾಗ ಆಣೆ ಲೆಕ್ಕ ಬಾಯಾಗ ಮುಗೀತಿತ್ತು" ಅಂದ.

ಅಜ್ಜ ಶಾಲೆಗೆ ಹೋಗಿದ್ದು 1950ರ ಆಸುಪಾಸು. ಅಳವಂಡಿ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ರೂಪಾಯಿಗೆ 16 ಆಣೆ. ಅವನ ಮಾತು ಕೇಳಿ ನನಗೊಂದು ವಿಷಯ ಹೊಳೆಯಿತು. ಕಂಪ್ಯೂಟರು ಎಣಿಸುವುದು ಎರಡರ ಲೆಕ್ಕದಲ್ಲಿ. ಎಂಟಾಣೆ ಅಂದರೆ 1/2, ನಾಲ್ಕಾಣೆ 1/4, ಎರಡಾಣೆ 1/8, ಒಂದಾಣೆ 1/16. ಎಲ್ಲವೂ ಕಂಪ್ಯೂಟರಿನಲ್ಲಿ ಚೂರೂ ಉಳಿಯದಂತೆ ಕೂರುತ್ತವೆ. ಹಳೆಯ ಕನ್ನಡ ಲೆಕ್ಕದ 'ವೀಸ'ವೂ ಹದಿನಾರನೇ ಒಂದು ಪಾಲೇ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಬಂತು, ಮನುಷ್ಯರಿಗೆ ಸುಲಭವಾಯಿತು. ಆದರೆ ಹತ್ತರಲ್ಲಿ ಐದು ಅಡಗಿದೆಯಲ್ಲ, ಅದು ಎರಡರ ಲೆಕ್ಕಕ್ಕೆ ಒಗ್ಗದು. ನಾವು 1/3ನ್ನು 0.333... ಅಂತ ಬರೆಯುತ್ತಾ ಹೋಗುವ ಹಾಗೆ ಕಂಪ್ಯೂಟರಿಗೆ 1/10 ಮುಗಿಯದ ಸಂಖ್ಯೆ. 1985ರ ಐಇಇಇ 754 ನಿಯಮದ ಪ್ರಕಾರ 'ಡಬಲ್'ನಲ್ಲಿ 53 ಬಿಟ್‌ಗೆ ಕತ್ತರಿ ಬೀಳುತ್ತದೆ. ಕತ್ತರಿಸಿದ ಮೇಲೆ ಭಿನ್ನರಾಶಿ ಮಾಡಿದರೆ ಸಿಗುವುದು ಆ ತಪ್ಪಿನದೇ ಕರಾರುವಾಕ್ಕಾದ ಭಿನ್ನರಾಶಿ!

ಹಾಗಾದರೆ ಕತ್ತರಿಸದೆ ಲೆಕ್ಕ ಮಾಡುವುದು ಹೇಗೆ? ಅದಕ್ಕೆ ಉತ್ತರ ನಮ್ಮ ಕಡೆಯೇ ಇತ್ತು. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ನಮ್ಮ ಕೊಪ್ಪಳವನ್ನು 'ಕೊಪಣ' ಅಂತ ಹೆಸರಿಸುವ 'ಕವಿರಾಜಮಾರ್ಗ'ವೂ ಅದೇ ಕಾಲದ್ದು. ಮಹಾವೀರ ಭಿನ್ನರಾಶಿಗಳಿಗೇ ಒಂದು ಅಧ್ಯಾಯ ಇಟ್ಟಿದ್ದಾನೆ. ಛೇದಗಳ ಲಘುತಮ ಅಪವರ್ತ್ಯಕ್ಕೆ ಅವನು ಕೊಟ್ಟ ಹೆಸರು 'ನಿರುದ್ಧ'. ಅಂಶ ಒಂದೇ ಇರುವ ಭಿನ್ನರಾಶಿಗಳನ್ನು ಕೂಡಿ ಸರಿಯಾಗಿ ಒಂದು ಮಾಡುವ ಸೂತ್ರವೂ ಇದೆ. ಅದರಂತೆ ನಾಲ್ಕು ತುಂಡು ಬೇಕಿದ್ದರೆ 1/2 + 1/3 + 1/9 + 1/18. ನಿರುದ್ಧ 18 ಇಟ್ಟುಕೊಂಡು ಕೂಡಿ ನೋಡಿ: 9+6+2+1 = 18. ಏನೂ ಉಳಿಯಲಿಲ್ಲ, ಏನೂ ಕಳೆಯಲಿಲ್ಲ.

ಗುಟ್ಟು ಇಷ್ಟೇ. ಅಂಶ, ಛೇದ ಎರಡನ್ನೂ ಪೂರ್ಣಾಂಕವಾಗಿ ಕೊನೆತನಕ ಕಾಪಾಡಬೇಕು, ಭಾಗಾಕಾರಕ್ಕೆ ಅವಸರ ಮಾಡಬಾರದು. ನಾನೂ ಫ್ರ್ಯಾಕ್ಷನ್‌ಗೆ 0.1 ಬದಲು 1 ಮತ್ತು 10 ಅಂತ ಬೇರೆ ಬೇರೆ ಕೊಟ್ಟೆ. ಹತ್ತು ಸಲ ಕೂಡಿದಾಗ ಸರಿಯಾಗಿ 1 ಬಂತು. ಬಿಲ್ಲನ್ನಂತೂ ಪೂರ್ತಿ ಪೈಸೆ ಎಣಿಕೆಗೇ ಬದಲಾಯಿಸಿದೆ.

ಅಜ್ಜನಿಗೆ ಇದನ್ನೆಲ್ಲ ವಿವರಿಸಿದೆ. ಎಲ್ಲಾ ಕೇಳಿ ಅಂದ: "ಅಲ್ಲಪಾ, ಮೊದಲs ಹಂಗ ಬರೀಬೇಕಿತ್ತಿಲ್ಲೋ?" :)