ಹಡಗೇರಿ ಬಂದು ಊರಿನದಾದ ಹಣ್ಣುಗಳು

ಉಡುಪಿ ಕಡೆಯ ಮದುವೆ ಊಟದಲ್ಲಿ ಬಾಳೆಲೆಯ ಮೇಲೆ ಅನಾನಸಿನ ಮೆಣಸ್ಕಾಯಿ ಬೀಳದಿದ್ದರೆ ಏನೋ ಕೊರತೆಯಾದಂತೆ. ಎಳ್ಳು, ತೆಂಗಿನಕಾಯಿ, ಬೆಲ್ಲ, ಹುಣಸೆಹುಳಿ, ಒಣಮೆಣಸು ಸೇರಿಸಿ ಮಾಡುವ ಈ ಸಿಹಿ-ಖಾರದ ಮೇಲೋಗರ ಅಪ್ಪಟ ಕರಾವಳಿಯ ಅಡುಗೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಅದರ ಎರಡು ಮುಖ್ಯ ಸಾಮಗ್ರಿಗಳಾದ ಅನಾನಸು ಮತ್ತು ಮೆಣಸಿನಕಾಯಿ ಐದೂವರೆ ಶತಮಾನಗಳ ಹಿಂದೆ ಈ ದೇಶದಲ್ಲೇ ಇರಲಿಲ್ಲ. ಎರಡೂ ಅಮೆರಿಕ ಖಂಡದವು. ಎರಡನ್ನೂ ಇಲ್ಲಿಗೆ ತಂದವರು ಪೋರ್ಚುಗೀಸರು.

ಇಂದು ಮಣಿಪಾಲದ ಹಣ್ಣಿನಂಗಡಿಗಳಲ್ಲಿ ಕಿವಿ, ಡ್ರ್ಯಾಗನ್, ರಂಬುಟಾನ್ ಹಣ್ಣುಗಳನ್ನು ಕಂಡು ‘ಇದೆಲ್ಲ ಯಾವ ದೇಶದ್ದೋ’ ಎಂದು ಹುಬ್ಬೇರಿಸುವವರಿದ್ದಾರೆ. ವಿದೇಶಿ ಹಣ್ಣಿನ ವ್ಯಾಪಾರ ಈಚಿನ ಶೋಕಿ ಎಂಬ ಭಾವನೆಯೂ ಇದೆ. ನಿಜ ಹೇಳಬೇಕೆಂದರೆ, ಈ ಕರಾವಳಿಗೆ ಹೊರಗಿನ ಹಣ್ಣು ಹೊಸದಲ್ಲ. ಅವುಗಳಲ್ಲಿ ಕೆಲವು ಇಲ್ಲಿನ ಗುಡ್ಡಗಳನ್ನೇ ಆವರಿಸಿದವು. ಒಂದಂತೂ ಸಾವಿರಾರು ಮನೆಗಳ ಒಲೆ ಉರಿಸಿತು.

ಹೆಸರೇ ಹೇಳುವ ಕತೆ

1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಗ್ವಾಡೆಲೂಪ್ ದ್ವೀಪದಲ್ಲಿ ಅನಾನಸನ್ನು ಕಂಡ. ಐದು ವರ್ಷಗಳ ಬಳಿಕ, 1498ರಲ್ಲಿ, ವಾಸ್ಕೋ ಡ ಗಾಮ ಭಾರತದ ಪಶ್ಚಿಮ ಕರಾವಳಿಗೆ ಬಂದ. ಆತ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದಿದ್ದನೆಂದು ಪ್ರತೀತಿ. 1510ರಲ್ಲಿ ಗೋವಾ, 1511ರಲ್ಲಿ ಮಲಾಕಾ ಪೋರ್ಚುಗೀಸರ ವಶವಾದವು. ಬ್ರೆಜಿಲ್, ಆಫ್ರಿಕ, ಗೋವಾ, ಮಲಾಕಾಗಳು ಒಂದೇ ಹಡಗು ದಾರಿಯ ನಿಲ್ದಾಣಗಳಾದವು. ಆ ದಾರಿಯಲ್ಲಿ ಕಾಳುಮೆಣಸು, ಬಟ್ಟೆಗಳೊಂದಿಗೆ ಬೀಜಗಳೂ ಸಸಿಗಳೂ ಪಯಣಿಸಿದವು.

ನಮ್ಮೂರಿನ ಬಸ್ರೂರು ಈ ಜಾಲದ ಒಂದು ಕೊಂಡಿ. 1569ರಿಂದ ಅಲ್ಲಿ ಪೋರ್ಚುಗೀಸರ ಕೋಟೆ ಇತ್ತು. ಇಲ್ಲಿನ ಅಕ್ಕಿ ಗೋವಾದ ಹೊಟ್ಟೆ ತುಂಬಿಸುತ್ತಿತ್ತು. 1653ರಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಕೋಟೆಯನ್ನು ಗೆದ್ದ. ಕೋಟೆ ಹೋಯಿತು, ಪರಂಗಿಯವರು ತಂದ ಗಿಡಗಳು ಮಾತ್ರ ಉಳಿದವು.

ಅವು ಬಂದ ದಾರಿಯನ್ನು ಹೆಸರುಗಳೇ ಹೇಳುತ್ತವೆ. ಅನಾನಸು ಎಂಬುದು ದಕ್ಷಿಣ ಅಮೆರಿಕದ ಟುಪಿ ಭಾಷೆಯ ಮಾತು. ಪಪ್ಪಾಯಿಗೆ ಹಳೇ ಮೈಸೂರಿನವರು ಪರಂಗಿ ಹಣ್ಣು ಎಂದು ಕರೆದು, ತಂದವರ ಗುರುತನ್ನೇ ಹಣ್ಣಿಗೆ ಕಟ್ಟಿದರು. ಪೇರಳೆಯ ಹೆಸರಿನಲ್ಲಿ ಪೋರ್ಚುಗೀಸ್ ಭಾಷೆಯ ‘ಪೇರ’ ಅಡಗಿದೆ. ಮೆಣಸಿನಕಾಯಿಯ ಕತೆ ಇನ್ನೂ ಸ್ವಾರಸ್ಯದ್ದು. ಖಾರಕ್ಕೆ ಈ ನಾಡಿನಲ್ಲಿ ಮೊದಲಿದ್ದದ್ದು ಕಾಳುಮೆಣಸು, ಅದೇ ‘ಮೆಣಸು’. ಹೊಸ ಕಾಯಿ ಬಂದು ಆ ಹೆಸರಿನಲ್ಲಿ ಪಾಲು ಕೇಳಿದಾಗ, ಹಳೆಯದಕ್ಕೆ ಒಂದು ವಿಶೇಷಣ ಸೇರಿಸಬೇಕಾಯಿತು. ಕರಾವಳಿಯಲ್ಲಿ ಅದು ಇಂದಿಗೂ ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆ ಮುಂಚಿ’. ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಬಿಟ್ಟು ಒಳ್ಳೆಮೆಣಸನ್ನೇ ಬಳಸುವ ಸಂಪ್ರದಾಯದವರ ಮನೆಗಳಲ್ಲಿ ಐದು ಶತಮಾನಗಳ ಹಿಂದಿನ ಆ ಗಡಿಗೆರೆ ಈಗಲೂ ಕಾಣುತ್ತದೆ.

ಉತ್ತರದ ಮೊಗಲರಿಗೂ ಅನಾನಸು ಸೋಜಿಗದ ಹಣ್ಣಾಗಿತ್ತು. ಅಬುಲ್ ಫಜಲ್‌ನ ‘ಐನ್-ಇ-ಅಕ್ಬರಿ’ ಅದನ್ನು ‘ಪ್ರಯಾಣದ ಹಲಸು’ ಎಂಬ ಅರ್ಥದ ಹೆಸರಿನಿಂದ ಗುರುತಿಸಿದೆ. ಪರಂಗಿಯವರ ಬಂದರುಗಳಲ್ಲಿ ಬೆಳೆಯುವ ಈ ಹಣ್ಣು ಆಗ್ರಾದ ತನ್ನ ತೋಟದಲ್ಲೂ ಸಾವಿರಗಟ್ಟಲೆ ಬಿಡುತ್ತದೆಂದು ಜಹಾಂಗೀರ್ ಚಕ್ರವರ್ತಿ ಬರೆದುಕೊಂಡಿದ್ದಾನೆ. ಚಕ್ರವರ್ತಿಯ ಬೆರಗಿನ ವಸ್ತು ಕಾಲಾನಂತರ ಉಡುಪಿ ಹೋಟೆಲುಗಳ ಅನಾನಸು ಶಿರಾ ಆಗಿ ಸಾಮಾನ್ಯರ ತಟ್ಟೆಗೆ ಬಂತು.

ಗೇರು ಎಂಬ ಹೊಸಬ

ಹೊರಗಿನಿಂದ ಬಂದ ಹಣ್ಣುಗಳಲ್ಲಿ ಈ ಜಿಲ್ಲೆಯ ಬದುಕನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಗೇರು. ಬ್ರೆಜಿಲ್ ಮೂಲದ ಈ ಮರವನ್ನು ಕೊಚ್ಚಿಯ ತೋಟವೊಂದರಲ್ಲಿ ಕಂಡ ಬಗ್ಗೆ ಪೋರ್ಚುಗೀಸ್ ವೈದ್ಯ ಕ್ರಿಸ್ಟೋವಾವೊ ಡ ಕೋಸ್ಟ 1578ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಮಣ್ಣಿನ ಸವಕಳಿ ತಡೆಯಲು ಪೋರ್ಚುಗೀಸರು ಇದನ್ನು ನೆಟ್ಟರೆಂದು ಹೇಳಲಾಗುತ್ತದೆ. ಬೇರೇನೂ ಬೆಳೆಯದ ಮುರಕಲ್ಲಿನ ಗುಡ್ಡದಲ್ಲೂ ನೀರು, ಗೊಬ್ಬರ ಕೇಳದೆ ಬೆಳೆಯುವುದು ಇದರ ಗುಣ.

ಆದರೆ ‘ಗೇರು’ ಎಂಬ ಹೆಸರು ಬ್ರೆಜಿಲ್‌ನಿಂದ ಬಂದದ್ದಲ್ಲ. ನಮ್ಮ ಕಾಡುಗಳಲ್ಲಿ ಮೊದಲಿನಿಂದಲೂ ಇನ್ನೊಂದು ಗೇರು ಇದೆ. ಸಂಸ್ಕೃತದಲ್ಲಿ ಭಲ್ಲಾತಕ ಎನಿಸಿಕೊಂಡ ಕರಿಗೇರು ಅದು. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಅದರ ಕಾಯಿಯ ಕಪ್ಪು ಸೊನೆಯಿಂದಲೇ. ಎರಡರದ್ದೂ ಒಂದೇ ಸಸ್ಯಕುಟುಂಬ. ಎರಡರ ಸೊನೆಯೂ ಚರ್ಮ ಸುಡುತ್ತದೆ. ಹೊಸ ಮರವನ್ನು ಕಂಡ ಜನ ಹೋಲಿಕೆ ಗುರುತಿಸಿ ಹಳೆಯ ಹೆಸರನ್ನೇ ಕೊಟ್ಟರು. ವಿಚಿತ್ರವೆಂದರೆ ಯುರೋಪಿನಲ್ಲೂ ಹೀಗೇ ಆಯಿತು. ಔಷಧಿ ವ್ಯಾಪಾರಿಗಳು ಕರಿಗೇರಿಗೆ ಬಳಸುತ್ತಿದ್ದ ‘ಅನಕಾರ್ಡಿಯಂ’ ಎಂಬ ಹೆಸರನ್ನು ಸಸ್ಯವಿಜ್ಞಾನಿ ಲಿನ್ನೇಯಸ್ ಗೋಡಂಬಿಯ ಮರಕ್ಕೆ ಇಟ್ಟ. ಇಂದು ಗೇರು ಎಂದರೆ ಹೊಸಬನೇ. ಹಳಬನನ್ನು ಬಲ್ಲವರು ಕಡಿಮೆ.

ಶತಮಾನಗಳ ಕಾಲ ಗೇರುಬೀಜ ಮನೆಯ ಮಟ್ಟಿಗಷ್ಟೇ ಇತ್ತು. ಮಕ್ಕಳು ಕೆಂಡದಲ್ಲಿ ಸುಟ್ಟು ತಿನ್ನುವ ತಿಂಡಿಯಾಗಿತ್ತು. ಅದು ಉದ್ಯಮವಾದದ್ದು 1920ರ ದಶಕದಲ್ಲಿ, ಅಮೆರಿಕದವರಿಗೆ ಗೋಡಂಬಿಯ ರುಚಿ ಹತ್ತಿದ ಮೇಲೆ. ಮಂಗಳೂರಿನಲ್ಲಿ ಪಿಯರ್ಸ್ ಲೆಸ್ಲಿ ಕಂಪೆನಿ ಈ ವ್ಯಾಪಾರಕ್ಕೆ ಕೈಹಾಕಿತು. ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗುವಾಗ ತಿರುಳಿಗೆ ಹುಳು ಹಿಡಿಯುವುದು ದೊಡ್ಡ ಸಮಸ್ಯೆಯಾಗಿತ್ತು. ತಗಡಿನ ಡಬ್ಬಿಯ ಗಾಳಿ ತೆಗೆದು ಇಂಗಾಲದ ಡೈಆಕ್ಸೈಡ್ ತುಂಬುವ ವಿಧಾನ ಬಂದಾಗ ಅದು ನೀಗಿತು. ಒಂದು ಡಬ್ಬಿಗೆ 25 ಪೌಂಡ್, ಅಂದರೆ 11.34 ಕಿಲೋ ತಿರುಳು ಎಂಬ ಅಳತೆಯೂ, ‘ಡಬ್ಲ್ಯು 320’ ಎಂಬಂಥ ದರ್ಜೆಗಳೂ ವ್ಯಾಪಾರದಲ್ಲಿ ಉಳಿದುಬಂದವು. 320 ಎಂದರೆ ಒಂದು ಪೌಂಡಿಗೆ ಹೆಚ್ಚೆಂದರೆ ಅಷ್ಟು ಬಿಳಿ ತಿರುಳು ತೂಗಬೇಕು ಎಂದರ್ಥ.

ಕಾರ್ಕಳಕ್ಕೆ ಆಫ್ರಿಕದ ಬೀಜ

ಕಾರ್ಖಾನೆಗಳು ಬೆಳೆದವು, ಆದರೆ ಊರಿನ ಬೀಜ ಸಾಲಲಿಲ್ಲ. ಇಲ್ಲಿ ಗೇರಿನ ಕೊಯ್ಲು ಬೇಸಗೆಯ ಕೆಲವೇ ತಿಂಗಳು. ವರ್ಷವಿಡೀ ಕೆಲಸ ನಡೆಯಬೇಕಾದರೆ ಬೀಜ ಹೊರಗಿನಿಂದ ಬರಬೇಕು. ಹೀಗೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಪೂರ್ವ ಆಫ್ರಿಕದಿಂದ ಕಚ್ಚಾ ಬೀಜದ ಆಮದು ಆರಂಭವಾಯಿತು. ಟಾಂಜಾನಿಯಾದ ಕೊಯ್ಲು ಅಕ್ಟೋಬರ್‌ನಿಂದ ಶುರುವಾಗುವುದರಿಂದ ನಮ್ಮ ಬಿಡುವಿನ ಕಾಲಕ್ಕೆ ಅದು ಹೊಂದಿಕೊಳ್ಳುತ್ತಿತ್ತು. 1970ರಲ್ಲಿ ಕೇಂದ್ರ ಸರಕಾರ ಈ ಆಮದನ್ನು ತನ್ನ ಕೈಗೆ ತೆಗೆದುಕೊಂಡು ಗೇರು ನಿಗಮವನ್ನೇ ಸ್ಥಾಪಿಸಿತ್ತು. 1974ರಲ್ಲಿ ನವಮಂಗಳೂರು ಬಂದರು ಆರಂಭವಾಯಿತು. ಮುಂದೆ ಐವರಿ ಕೋಸ್ಟ್, ಬೆನಿನ್, ಗಿನಿ ಬಿಸಾವು ಮುಂತಾದ ಪಶ್ಚಿಮ ಆಫ್ರಿಕದ ದೇಶಗಳ ಬೀಜವೂ ಬರತೊಡಗಿತು.

ಕಾರ್ಕಳ, ಹೆಬ್ರಿ, ಕುಂದಾಪುರ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಬೀಜವನ್ನು ಬೇಯಿಸುವುದು, ಚಿಪ್ಪು ಒಡೆಯುವುದು, ಬೋರ್ಮದಲ್ಲಿ ಒಣಗಿಸುವುದು, ಸಿಪ್ಪೆ ಸುಲಿಯುವುದು, ದರ್ಜೆವಾರು ಆರಿಸುವುದು – ಇವಿಷ್ಟು ಹಂತಗಳು. ಚಿಪ್ಪಿನ ಎಣ್ಣೆ ತಾಗಿದರೆ ಕೈ ಸುಡುತ್ತದೆ. ತಿರುಳು ಮುರಿದರೆ ಬೆಲೆ ಇಳಿಯುತ್ತದೆ. ಬೀಡಿ ಕಟ್ಟುವುದನ್ನು ಬಿಟ್ಟರೆ ಒಳನಾಡಿನ ಬಡ ಹೆಂಗಸರಿಗೆ ವಾರದ ಕೊನೆಗೆ ಕೈಗೆ ಕಾಸು ಬರುತ್ತಿದ್ದ ದಾರಿ ಇದೊಂದೇ ಎನ್ನಬಹುದಾದ ಕಾಲವೂ ಇತ್ತು. ಮಕ್ಕಳ ಶಾಲೆ, ಮಗಳ ಮದುವೆ, ಮನೆಯ ಹೆಂಚು ಇವೆಲ್ಲಕ್ಕೂ ಆ ಕೂಲಿಯೇ ಆಧಾರ.

ಈ ಕೂಲಿಗೆ ಸಮುದ್ರದಾಚೆಯ ಇನ್ನೊಂದು ಮುಖವಿದೆ. ಮೊಜಾಂಬಿಕ್‌ಗೂ ಗೇರನ್ನು ಒಯ್ದವರು ಪೋರ್ಚುಗೀಸರೇ. ಆ ದೇಶ 1975ರಲ್ಲಿ ಸ್ವತಂತ್ರವಾಗುವ ವೇಳೆಗೆ ಜಗತ್ತಿನ ಪ್ರಮುಖ ಗೇರು ಉತ್ಪಾದಕ ದೇಶಗಳಲ್ಲೊಂದಾಗಿತ್ತು, ಅಲ್ಲೂ ಕಾರ್ಖಾನೆಗಳಿದ್ದವು. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ಒತ್ತಾಯದಂತೆ ಕಚ್ಚಾ ಬೀಜದ ರಫ್ತಿನ ಮೇಲಿನ ತೆರಿಗೆಯನ್ನು ಇಳಿಸಿದಾಗ ಬೀಜವೆಲ್ಲ ಭಾರತಕ್ಕೆ ಹರಿಯಿತು. ಅಲ್ಲಿನ ಕಾರ್ಖಾನೆಗಳು ಮುಚ್ಚಿದವು. ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ಒಂದೇ ಹಡಗು ತಂದ ಒಂದೇ ಮರ ಒಂದು ತೀರದಲ್ಲಿ ಅನ್ನ ಕೊಟ್ಟಾಗ ಇನ್ನೊಂದು ತೀರದಲ್ಲಿ ಕಸಿದುಕೊಂಡಿತು.

ಆ ಸರದಿ ಇಲ್ಲಿಗೂ ಬಂತು. 2006ರಲ್ಲಿ ಗೋಡಂಬಿ ರಫ್ತಿನಲ್ಲಿ ವಿಯೆಟ್ನಾಂ ಭಾರತವನ್ನು ಹಿಂದಿಕ್ಕಿತು. ಅದರ ಬಲ ಯಂತ್ರಗಳು. ಪೈಪೋಟಿಗೆ ಇಳಿದ ಇಲ್ಲಿನ ಕಾರ್ಖಾನೆಗಳೂ ಒಡೆಯುವ, ಸುಲಿಯುವ, ಬಣ್ಣ ನೋಡಿ ಆರಿಸುವ ಯಂತ್ರಗಳನ್ನು ತಂದವು. ಆಫ್ರಿಕದ ದೇಶಗಳು ತಮ್ಮ ಬೀಜವನ್ನು ತಾವೇ ಸಂಸ್ಕರಿಸಲು ಹೊರಟಿವೆ. ಆ ಬಯಕೆಯನ್ನು ತಪ್ಪೆನ್ನುವಂತಿಲ್ಲ. ಇತ್ತ 1978ರಲ್ಲಿ ಸ್ಥಾಪನೆಯಾದ ಕರ್ನಾಟಕ ಗೇರು ಅಭಿವೃದ್ಧಿ ನಿಗಮ, 1986ರಲ್ಲಿ ಆರಂಭವಾದ ಪುತ್ತೂರಿನ ಗೇರು ಸಂಶೋಧನಾ ಕೇಂದ್ರ ಊರಿನ ಬೆಳೆ ಹೆಚ್ಚಿಸಲು ದುಡಿಯುತ್ತ ಬಂದಿವೆ. ಆದರೂ ಹಡಗಿನ ಬೀಜವಿಲ್ಲದೆ ಕಾರ್ಖಾನೆಗಳು ನಡೆಯುವ ಸ್ಥಿತಿ ಬಂದಿಲ್ಲ.

ಹೊಸ ಅತಿಥಿಗಳು

ವಿಶ್ವ ವ್ಯಾಪಾರ ಒಪ್ಪಂದದಂತೆ 2001ರ ಏಪ್ರಿಲ್ 1ರಂದು ಭಾರತ ಕೊನೆಯ 715 ವಸ್ತುಗಳ ಮೇಲಿನ ಆಮದು ಪ್ರಮಾಣದ ನಿರ್ಬಂಧವನ್ನು ತೆಗೆದುಹಾಕಿತು. ಬಳಿಕದ ವರ್ಷಗಳಲ್ಲಿ ಶೀತಲ ಪೆಟ್ಟಿಗೆಗಳಲ್ಲಿ ಬರುವ ವಿದೇಶಿ ಹಣ್ಣು ಸಣ್ಣ ಪೇಟೆಗಳಿಗೂ ತಲುಪಿತು. ಉಡುಪಿ, ಕಾಪು, ಕಾರ್ಕಳದ ಅಂಗಡಿಗಳೂ ಇದಕ್ಕೆ ಹೊರತಲ್ಲ. ಮಣಿಪಾಲದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿತು. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಿಂದ ಬೆಳೆದ ವಿದ್ಯಾನಗರಕ್ಕೆ, 1997ರಲ್ಲಿ ಮಲಾಕಾ ಮಣಿಪಾಲ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಮಲೇಷ್ಯದ ವಿದ್ಯಾರ್ಥಿಗಳು ತಂಡತಂಡವಾಗಿ ಬಂದರು. ರಂಬುಟಾನ್ ಅವರ ಮನೆಯಂಗಳದ ಹಣ್ಣು. ಮಲಯ ಭಾಷೆಯಲ್ಲಿ ‘ರಂಬುಟ್’ ಎಂದರೆ ಕೂದಲು. ನಾಲ್ಕು ಶತಮಾನಗಳ ಹಿಂದೆ ಪಪ್ಪಾಯಿ ಗೋವೆಗೆ ಬಂದದ್ದು ಮಲಾಕಾ ದಾರಿಯಾಗಿ ಎಂದು ಡಚ್ ಪ್ರವಾಸಿ ಲಿನ್‌ಶೋಟನ್ ಬರೆದದ್ದನ್ನು ಇಲ್ಲಿ ನೆನೆಯಬಹುದು.

ಈಗ ಕರಾವಳಿಯ ಕೃಷಿಕರೇ ರಂಬುಟಾನ್, ಮ್ಯಾಂಗೊಸ್ಟೀನ್, ಡ್ರ್ಯಾಗನ್ ಹಣ್ಣು ಬೆಳೆಯುತ್ತಿದ್ದಾರೆ. ಅಡಿಕೆಯನ್ನೇ ನಂಬಿ ಕೂರಲಾಗದೆಂಬ ಅಳುಕು ಇದಕ್ಕೆ ಒಂದು ಕಾರಣ. ಆದರೆ ಗೇರಿಗೂ ಇವಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಗೇರುಬೀಜ ತಿಂಗಳುಗಟ್ಟಲೆ ಕೆಡದೆ ಸಮುದ್ರ ದಾಟುತ್ತದೆ. ರಂಬುಟಾನ್ ಕೊಯ್ದ ಕೆಲವೇ ದಿನಗಳಲ್ಲಿ ಸಿಪ್ಪೆ ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಅದು ಕೈಗೆ ಬರುವುದೂ ಮಳೆಗಾಲದ ಆಸುಪಾಸಿನಲ್ಲೇ. ಎಲ್ಲರ ತೋಟದಲ್ಲೂ ಒಮ್ಮೆಲೇ ಹಣ್ಣಾದರೆ ಕೊಳ್ಳುವವರು ಯಾರು ಎಂಬ ಪ್ರಶ್ನೆ ಎದುರಾಗುತ್ತದೆ. ಬಂಡವಾಳ ಹಾಕಿ ಸಸಿ ನೆಟ್ಟವನ ಎದೆಯಲ್ಲಿರುವುದು ಇದೇ ಚಿಂತೆ.

ಇನ್ನೊಂದು ಮಾತೂ ಗಮನಾರ್ಹ. ದುಬಾರಿ ಬೆಲೆಯ ಮ್ಯಾಂಗೊಸ್ಟೀನ್ ನಮ್ಮ ಪುನರ್ಪುಳಿಯ ಹತ್ತಿರದ ನೆಂಟ. ಎರಡೂ ಗಾರ್ಸೀನಿಯ ಜಾತಿಯವು. ಒಂದು ಗಾಜಿನ ಕಪಾಟಿನಲ್ಲಿದೆ, ಇನ್ನೊಂದು ಹಿತ್ತಲಲ್ಲಿ ಉದುರುತ್ತಿದೆ. ಗೇರಿನ ಮರದಡಿಯೂ ಅದೇ ಕತೆ. ಗೋವೆಯವರು ಗೇರುಹಣ್ಣಿನಿಂದ ಫೆನಿ ಇಳಿಸಿ ಹೆಸರು ಮಾಡಿದರು. ಇಲ್ಲಿ ಬೀಜ ತಿರುಚಿ ತೆಗೆದ ಬಳಿಕ ಗೋಂಕು ಹೆಚ್ಚಾಗಿ ಮಣ್ಣುಪಾಲು.

ಅನಾನಸು ಮೆಣಸ್ಕಾಯಿಯಾಯಿತು, ಗೇರು ಹಳೆಯ ಮರದ ಹೆಸರು ಹೊತ್ತಿತು. ಅಡುಗೆಮನೆ ಸೇರಿ, ಊರಿನ ಹೆಸರು ಪಡೆದು, ನಾಲ್ಕು ಜನರಿಗೆ ದುಡಿಮೆ ಕೊಟ್ಟಾಗಲೇ ಹೊರಗಿನ ಹಣ್ಣು ಇಲ್ಲಿನದಾದದ್ದು. ರಂಬುಟಾನ್‌ಗೆ ತುಳುವಿನಲ್ಲಿ ಇನ್ನೂ ಬೇರೆ ಹೆಸರು ಹುಟ್ಟಿಲ್ಲ.