ತೌಡಿನ ಎಣ್ಣೆ: ಇಲಿ ಪ್ರಯೋಗಗಳ ಚರಿತ್ರೆ

ಅಕ್ಕಿ ಪಾಲಿಶ್ ಮಾಡುವಾಗ ಉದುರುವ ತೌಡಿನಲ್ಲಿ ಸುಮಾರು ಶೇ. 15ರಿಂದ 20ರಷ್ಟು ಎಣ್ಣೆಯಿದೆ. ಕೊಲೆಸ್ಟರಾಲ್ ಬೆರೆಸಿದ ಮೇವು ತಿಂದ ಇಲಿಗಳಲ್ಲಿ ಈ ಎಣ್ಣೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ಕೇಂದ್ರಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಪ್ರಮುಖವಾದುದು. ತೌಡು ಉದುರುವ ಗಿರಣಿಗಳಿಗೆ ಕರ್ನಾಟಕದಲ್ಲಿ ಹೆಸರಾದ ಊರು ಗಂಗಾವತಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ನಾಲೆಯ ನೀರು ಹರಿದು, ಒಣಬೇಸಾಯದ ಸೀಮೆ ಭತ್ತದ ಕಣಜವಾಯಿತು. ಗಂಗಾವತಿ, ಕಾರಟಗಿಗಳಲ್ಲಿ ಅಕ್ಕಿ ಗಿರಣಿಗಳು ಎದ್ದವು.

ಪ್ರಾಣಿಗಳಿಗೆ ಕೊಲೆಸ್ಟರಾಲ್ ತಿನ್ನಿಸುವ ಪ್ರಯೋಗಗಳ ಮೂಲ 1913ರದು. ರಷ್ಯಾದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ, ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದರು. ಇಲಿ ಅಷ್ಟು ಸುಲಭಕ್ಕೆ ಬಗ್ಗದು. ಅದಕ್ಕೆ ಪಿತ್ತಕೋಶವೇ ಇಲ್ಲ. ಕೊಲೆಸ್ಟರಾಲನ್ನು ಪಿತ್ತಾಮ್ಲವಾಗಿಸಿ ಬೇಗ ಹೊರಹಾಕುತ್ತದೆ. ಆದ್ದರಿಂದ ಅದರ ಮೇವಿಗೆ ಕೊಲೆಸ್ಟರಾಲಿನ ಜೊತೆ ಪಿತ್ತಲವಣವನ್ನೂ ಬೆರೆಸುವುದುಂಟು.

ಸಿಎಫ್‌ಟಿಆರ್‌ಐನಲ್ಲಿ ಮೊದಲು ಹೆಸರು ಮಾಡಿದ್ದು ಅರಿಸಿನ. ಡಿ. ಸುಬ್ಬರಾವ್ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೊಲೆಸ್ಟರಾಲ್ ತಿಂದ ಇಲಿಗಳ ರಕ್ತ ಮತ್ತು ಯಕೃತ್ತಿನ ಕೊಲೆಸ್ಟರಾಲ್ ಮಟ್ಟ ಅರಿಸಿನದ ಕರ್ಕ್ಯುಮಿನ್ ಸೇರಿಸಿದಾಗ ಅರ್ಧ ಅಥವಾ ಅದಕ್ಕೂ ಕೆಳಗೆ ಇಳಿಯಿತು. ತೌಡಿನ ಸರದಿ ಬಂದದ್ದು 1980ರ ದಶಕದಲ್ಲಿ. ಜಪಾನಿನಲ್ಲಿ 1950ರ ದಶಕದಲ್ಲೇ ತೌಡಿನೆಣ್ಣೆಯಿಂದ ಬೇರ್ಪಡಿಸಿದ್ದ ಒರೈಜನಾಲ್ ಎಂಬ ಉತ್ಕರ್ಷಣ ನಿರೋಧಕವನ್ನು ಮೈಸೂರಿನ ಅದೇ ಸಂಸ್ಥೆಯ ಸೀತಾರಾಮಯ್ಯ ಮತ್ತು ಚಂದ್ರಶೇಖರ ಇಲಿಗಳಿಗೆ ಕೊಟ್ಟು ನೋಡಿದರು. 1989ರ ಅವರ ವರದಿಯ ಪ್ರಕಾರ, ಶೇಂಗಾ ಎಣ್ಣೆಯ ಗುಂಪಿಗಿಂತ ತೌಡಿನೆಣ್ಣೆಯ ಗುಂಪಿನಲ್ಲಿ ರಕ್ತದ ಕೊಲೆಸ್ಟರಾಲ್ ಕಡಿಮೆಯಿತ್ತು. ಒರೈಜನಾಲ್ ಬೆರೆಸಿದಾಗ ಇನ್ನಷ್ಟು ಇಳಿಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಸಿ. ರುಕ್ಮಿಣಿ ಅವರ ತಂಡವೂ ಇದೇ ದಿಕ್ಕಿನ ಫಲಿತಾಂಶ ಕಂಡಿತು. ಇದಕ್ಕೆ ಉತ್ಕರ್ಷಣ ನಿರೋಧವೊಂದೇ ಕಾರಣವಲ್ಲ: ತೌಡಿನೆಣ್ಣೆಯ ಸ್ಟೆರಾಲುಗಳು ಕರುಳಿನಲ್ಲಿ ಕೊಲೆಸ್ಟರಾಲ್ ಹೀರಿಕೆಯನ್ನೇ ತಡೆಯುತ್ತವೆ.

ಇಲಿಗೆ ಒಗ್ಗಿದ್ದೆಲ್ಲ ಮನುಷ್ಯನಿಗೆ ಒಗ್ಗಬೇಕಿಲ್ಲ. ಇಲಿಜಾತಿಯ ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿದ್ದ ಇನ್ನೊಂದು ಉತ್ಕರ್ಷಣ ನಿರೋಧಕ ವಿಟಮಿನ್ ಇ, 2000ದಲ್ಲಿ ಪ್ರಕಟವಾದ ‘ಹೋಪ್’ ಪರೀಕ್ಷೆಯಲ್ಲಿ ಹೃದ್ರೋಗಿಗಳಿಗೆ ನೆರವಾಗಲಿಲ್ಲ. ತೌಡಿನೆಣ್ಣೆಯ ಬಾಟಲಿಯ ಮೇಲಿನ ಹೊಗಳಿಕೆಯಲ್ಲಿ ಈ ಎಚ್ಚರಿಕೆ ಇರುವುದಿಲ್ಲ.

ತೌಡಿನೆಣ್ಣೆಗೆ ಇನ್ನೊಂದು ತೊಡಕು ಗಿರಣಿಯಲ್ಲೇ ಇದೆ. ಅಕ್ಕಿಯಿಂದ ಬೇರೆಯಾದ ಕೂಡಲೇ ತೌಡಿನ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ. ಬೇಗ ಬಿಸಿಮಾಡದಿದ್ದರೆ ಹುಳಿ ಏರುತ್ತದೆ. ಹುಳಿ ತೆಗೆಯಲು ಕ್ಷಾರ ಹಾಕಿ ಶುದ್ಧೀಕರಿಸಿದರೆ ಒರೈಜನಾಲಿನ ಬಹುಪಾಲು ಸಾಬೂನಿನ ಗಸಿಯೊಡನೆ ಹೊರಹೋಗುತ್ತದೆ. ಹಬೆಯಿಂದ ಭೌತಿಕವಾಗಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಅದು ಹೆಚ್ಚಾಗಿ ಉಳಿಯುತ್ತದೆ.