ಲಾಂದ್ರದ ಬೆಳಕಿನಲ್ಲಿ ಒಂದು ನೀಲಿ ಸಂಜೆ

ಕಿಟಕಿಯ ಬಳಿ ಒಬ್ಬ ಹೆಂಗಸು ಕುಳಿತಿದ್ದಾಳೆ. ಆಚೆ ಫಿಯೋರ್ಡ್‌ನ ನೀರು ಸಂಜೆಯ ನೀಲಿಯಲ್ಲಿ ಮುಳುಗಿದೆ. ಮೇಲೆ ತೂಗುಹಾಕಿದ ಜಪಾನಿ ಕಾಗದದ ಲಾಂದ್ರವೊಂದು ಬೆಚ್ಚಗೆ ಉರಿಯುತ್ತಿದೆ. ಅವಳ ನೋಟ ನಮ್ಮ ಕಡೆಗಿಲ್ಲ, ನೀರಿನ ಕಡೆಗಿದೆ.

1886ರಲ್ಲಿ ನಾರ್ವೆಯ ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೋದಲ್ಲಿ, ನಡೆದ ಶರತ್ಕಾಲದ ಪ್ರದರ್ಶನಕ್ಕೆ ಬಂದ ಈ ಚಿತ್ರದ ಹೆಸರು 'ಜಪಾನಿ ಲಾಂದ್ರ'. ಬರೆದವಳು ಓಡಾ. ಮುಂದೆ ಓಡಾ ಕ್ರೋಗ್ ಎಂದು ಹೆಸರಾದ ಆಕೆಗೆ ಆಗ 26 ವರ್ಷ, ಅದು ಆಕೆಯ ಮೊದಲ ಪ್ರದರ್ಶನ. ಬಳಸಿದ್ದು ತೈಲವರ್ಣವನ್ನಲ್ಲ, ಪ್ಯಾಸ್ಟೆಲನ್ನು.

ಪ್ಯಾಸ್ಟೆಲ್ ಎಂದರೆ ಬಣ್ಣದ ಪುಡಿ. ಅದಕ್ಕೆ ಸುಣ್ಣದಂಥ ಬಿಳಿ ಹುಡಿಯನ್ನೂ ಒಂದಿಷ್ಟು ಅಂಟನ್ನೂ ಬೆರೆಸಿ ಹೊಸೆದರೆ ಕಡ್ಡಿ ಸಿದ್ಧ. ಎಣ್ಣೆಯಿಲ್ಲದ್ದರಿಂದ ಒಣಗಲು ಕಾಯಬೇಕಿಲ್ಲ, ವರ್ಷ ಕಳೆದಂತೆ ಹಳದಿಗಟ್ಟುವುದೂ ಇಲ್ಲ. ಆದರೆ ಹುಡಿ ಹುಡಿಯೇ: ಕೈ ತಾಗಿದರೆ ಅಳಿಸಿಹೋಗುತ್ತದೆ, ಗಾಜಿನ ರಕ್ಷಣೆ ಬೇಕೇ ಬೇಕು. ಬೆಳಕು ಆ ಕಣಗಳ ಮೇಲೆ ಬಿದ್ದು ಚದುರುವುದರಿಂದ ಚಿತ್ರಕ್ಕೆ ಮಖಮಲ್ಲಿನ ಮೃದುತ್ವ ಬರುತ್ತದೆ.

ಈ ಕಡ್ಡಿಗೆ ದೊಡ್ಡ ಮಾನ ತಂದವಳೂ ಒಬ್ಬ ಹೆಂಗಸೇ. ವೆನಿಸ್‌ನ ರೊಸಾಲ್ಬಾ ಕರಿಯೇರಾ 1720ರಲ್ಲಿ ಪ್ಯಾರಿಸ್‌ಗೆ ಬಂದಾಗ ಇಡೀ ಶ್ರೀಮಂತ ಸಮಾಜ ಆಕೆಯ ಮುಂದೆ ಕೂರಲು ಹಾತೊರೆಯಿತು. ಅಲ್ಲಿ ಆಕೆಯಿಂದ ಕಲಿತ ಸ್ವೀಡನ್ನಿನ ಗುಸ್ತಾಫ್ ಲುಂಡ್‌ಬೆರ್ಗ್ ಆ ವಿದ್ಯೆಯನ್ನು ಉತ್ತರಕ್ಕೆ ಒಯ್ದ. ಫ್ರಾನ್ಸಿನ ಮಹಾಕ್ರಾಂತಿಯ ನಂತರ ರಾಜಮನೆತನಗಳ ಜೊತೆಗೇ ಪ್ಯಾಸ್ಟೆಲ್‌ನ ವೈಭವವೂ ಇಳಿಯಿತು. ಎಣ್ಣೆಬಣ್ಣ ಗಂಭೀರ, ಪ್ಯಾಸ್ಟೆಲ್ ಹೆಂಗಸರ ಹವ್ಯಾಸ ಎಂಬ ತಾತ್ಸಾರ ಬೆಳೆಯಿತು. ದೆಗಾ, ಮಾನೆ ಅವರಂಥವರು ಕೈಗೆತ್ತಿಕೊಂಡ ಮೇಲೆ ಮತ್ತೆ ಜೀವ ಬಂತು. 1885ರಲ್ಲಿ ಪ್ಯಾರಿಸ್‌ನಲ್ಲಿ ಪ್ಯಾಸ್ಟೆಲ್ ಕಲಾವಿದರ ಸಂಘವೇ ಹುಟ್ಟಿತು. ಓಡಾಳ ಚಿತ್ರ ಬಂದದ್ದು ಅದರ ಮರುವರ್ಷ.

ಆಕೆಯ ಗುರು ಕ್ರಿಸ್ಟಿಯನ್ ಕ್ರೋಗ್ ನಾರ್ವೆಯ ವಾಸ್ತವವಾದದ ಮುಂದಾಳು. ಹೊಲಿಗೆ ಮಾಡಿ ಬದುಕುವ ಹುಡುಗಿಯೊಬ್ಬಳು ವೇಶ್ಯಾವೃತ್ತಿಗೆ ಬೀಳುವ ಕಥೆಯನ್ನು 'ಅಲ್ಬರ್ಟಿನ್' ಎಂಬ ಕಾದಂಬರಿಯಾಗಿ ಬರೆದ. 1886ರ ಡಿಸೆಂಬರ್‌ನಲ್ಲಿ ಅದು ಹೊರಬಂದ ಕೂಡಲೇ ಸರ್ಕಾರ ಮುಟ್ಟುಗೋಲು ಹಾಕಿತು. ಕಂಡದ್ದನ್ನು ಕಂಡಂತೆ ಬರೆಯಬೇಕು ಎಂಬುದು ಅವನ ಹಟ. ಶಿಷ್ಯೆ ಕಂಡದ್ದು ಬೇರೆ. ಉತ್ತರದ ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ, ಗಂಟೆಗಟ್ಟಲೆ ನೀಲಿಯಾಗಿ ನಿಂತಿರುತ್ತದೆ. 1886ರ ಬೇಸಿಗೆಯಲ್ಲೇ ಕಿಟ್ಟಿ ಶೆಲ್ಲಾಂಡ್, ಐಲಿಫ್ ಪೀಟರ್ಸನ್ ಮೊದಲಾದ ಕಲಾವಿದರು ಊರಾಚೆಯ ಫ್ಲೆಸ್ಕುಮ್ ತೋಟದಲ್ಲಿ ಬೀಡುಬಿಟ್ಟು ಆ ನಸುಗತ್ತಲನ್ನೇ ಎಣ್ಣೆಬಣ್ಣದಲ್ಲಿ ಹಿಡಿಯುತ್ತಿದ್ದರು. ನಮ್ಮಲ್ಲಿ ಮುಸ್ಸಂಜೆಗೆ ಗೋಧೂಳಿ ಎನ್ನುತ್ತಾರೆ. ದನಗಳ ಗೊರಸಿನಿಂದೆದ್ದ ದೂಳಿನಲ್ಲಿ ಬೆಳಕು ಕರಗುವ ಹೊತ್ತು ಅದು. ಓಡಾ ಅಕ್ಷರಶಃ ದೂಳಿನಿಂದಲೇ ಸಂಜೆಯನ್ನು ಕಟ್ಟಿದಳು. ಆ ನೀಲಿಗೆ ಪ್ಯಾಸ್ಟೆಲ್‌ಗಿಂತ ಒಪ್ಪುವ ಸಾಮಗ್ರಿ ಬೇರೊಂದಿರಲಿಲ್ಲ.

ದುಃಖದ ಸಂಗತಿಯೆಂದರೆ, ಬಹುಕಾಲ ಊರು ಮಾತಾಡಿದ್ದು ಆಕೆಯ ಚಿತ್ರದ ಬಗ್ಗೆ ಅಲ್ಲ. ಎರಡು ಮಕ್ಕಳ ತಾಯಿಯಾದ ಓಡಾ ಮೊದಲ ಗಂಡನನ್ನು ತೊರೆದು ಬಂದಿದ್ದಳು. ನಗರದ ಬಂಡಾಯಗಾರ ಬರಹಗಾರರು, ಕಲಾವಿದರ ಕೂಟದಲ್ಲಿ ಓಡಾಡುತ್ತಿದ್ದಳು. 1888ರಲ್ಲಿ ಕ್ರೋಗ್‌ನನ್ನೇ ಮದುವೆಯಾದಳು. 'ಬೊಹೀಮಿಯನ್ನರ ರಾಜಕುಮಾರಿ' ಎಂಬ ಬಿರುದು ಅಂಟಿಕೊಂಡಿತು. ಪ್ರೇಮಪ್ರಕರಣಗಳ ಲೆಕ್ಕದಲ್ಲಿ ಚಿತ್ರಕಾರ್ತಿ ಮರೆಯಾದಳು. ಇದು ಅನ್ಯಾಯ. ಮೊದಲ ಹೆಜ್ಜೆಯಲ್ಲೇ ಇಷ್ಟು ಪಕ್ವವಾದ ಚಿತ್ರ ಕೊಟ್ಟವಳನ್ನು ಯಾರದೋ ಹೆಂಡತಿಯಾಗಿ, ಯಾರದೋ ಪ್ರೇಯಸಿಯಾಗಿ ಮಾತ್ರ ನೆನೆಯಬಾರದು.

ಓಡಾ ಹುಟ್ಟಿದ್ದು 1860ರ ಜೂನ್ 11ರಂದು. 'ಜಪಾನಿ ಲಾಂದ್ರ' ಈಗ ಓಸ್ಲೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಆ ಸಂಗ್ರಹಾಲಯದ ಹೊಸ ಕಟ್ಟಡದ ಬಾಗಿಲು ತೆರೆದದ್ದು 2022ರ ಜೂನ್ 11ರಂದು.